ಕೂಡಲಸಂಗಮದೇವ ನಾಲ್ಕು ತುಂಡಾದಾಗ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಹೋದ ಬೇಸಿಗೆಯಲ್ಲಿ ಬಸವಣ್ಣನವರ ವಚನಗಳನ್ನು ಹಳೆಯ ಪುಸ್ತಕ ನೋಡಿ ಯೂನಿಕೋಡಿನಲ್ಲಿ ಟೈಪ್ ಮಾಡಿಕೊಡುವ ಕೆಲಸ ಬಂತು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ ವಚನ ಅಚ್ಚು ಮಾಡಿದ ಊರಿದು. ಇಲ್ಲಿ ವಚನದಲ್ಲಿ ತಪ್ಪು ಬಿಟ್ಟರೆ ಗಿರಾಕಿ ಸುಮ್ಮನಿರುವುದಿಲ್ಲ. ಟೈಪ್ ಮಾಡುವವರು ಮೂವರು, ಕಾಗುಣಿತ ಮೂರು ನಮೂನೆ. ಎಲ್ಲ ಫೈಲುಗಳಲ್ಲೂ ಸೇರಿ ಒಂದೇ ಒಂದು ಸಲ ಬಂದ ಪದಗಳನ್ನು ಹೆಕ್ಕಿದರೆ ತಪ್ಪುಗಳೆಲ್ಲ ಅಲ್ಲೇ ಸಿಗಬೇಕು ಎಂದು ಲೆಕ್ಕ ಹಾಕಿ, ಆಗಷ್ಟೇ ಕಲಿಯುತ್ತಿದ್ದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದೆ.

ಮೊದಲ ಫೈಲಿಗೇ ಮುಗ್ಗರಿಸಿತು. 8ಡಿ ಎಂಬ ಬೈಟ್ (ಫೈಲಿನೊಳಗಿನ ಒಂದು ಸಂಖ್ಯೆ) ಓದಲು ಬರುವುದಿಲ್ಲವಂತೆ. ಎನ್‌ಕೋಡಿಂಗ್ (ಬೈಟುಗಳನ್ನು ಅಕ್ಷರವಾಗಿ ಓದುವ ಪಟ್ಟಿ) ಯಾವುದೆಂದು ಹೇಳದೆ ಫೈಲ್ ತೆರೆದಿದ್ದೆ. ನನ್ನ ವಿಂಡೋಸಿನಲ್ಲಿ ಪೈಥಾನ್ ಅದನ್ನು ಇಂಗ್ಲಿಷಿನ ‘1252’ ಎಂಬ ಹಳೆಯ ಪಟ್ಟಿ ಹಿಡಿದು ಓದಲು ಹೊರಟಿತ್ತು. ಯೂನಿಕೋಡನ್ನು ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಹಲಂತದ ಮೂರನೆಯ ಬೈಟೇ ಈ 8ಡಿ, ಆ ಪಟ್ಟಿಯಲ್ಲಿ ಅದರ ಮನೆ ಖಾಲಿ. ಪ್ರತಿ ಒತ್ತಕ್ಷರದ ಒಳಗೂ ಒಂದು ಹಲಂತ ಅಡಗಿರುತ್ತದೆ. ಒತ್ತಕ್ಷರ ಬಂತೋ, ಬಂಡಿ ನಿಂತಿತು! ನಾನು ಜಾಣತನ ತೋರಿಸಲು ಹೋಗಿ ‘ತಪ್ಪಿದ್ದರೆ ಬಿಟ್ಟು ಮುಂದೆ ಹೋಗು’ ಎಂದು ಬರೆದೆ. ಓಡಿತು, ಬಂದದ್ದೆಲ್ಲ ಕಲಸುಮೇಲೋಗರ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಒಂದು ಮಾತು ಸೇರಿಸಿದ ಮೇಲೆ ಕನ್ನಡ ಕಾಣಿಸಿತು.

ಆಮೇಲೆ ವೇಗ. ಪ್ರತಿ ಪದಕ್ಕೂ ಇಡೀ ಪಟ್ಟಿಯನ್ನು ಮೊದಲಿನಿಂದ ಎಣಿಸುತ್ತಿದ್ದೆ. ಎರಡು ಲಕ್ಷ ಪದಕ್ಕೆ 4000 ಕೋಟಿ ಹೋಲಿಕೆ. ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ಒಂದೇ ಸುತ್ತಿನಲ್ಲಿ ಎಲ್ಲ ಪದ ಎಣಿಸುವ, ಪೈಥಾನಿನಲ್ಲೇ ಇರುವ ಕೌಂಟರ್ ಹಾಕಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು.

ನಿಜವಾದ ಪೇಚು ಮುಂದಿತ್ತು. ಎಲ್ಲ ಪದಗಳ ಎಣಿಕೆಯ ಪಟ್ಟಿಯ ತಲೆಯಲ್ಲೇ ‘ಡಲಸ’, ‘ಗಮದ’ ಎಂಬ ಪದಗಳು, ಸಾವಿರಗಟ್ಟಲೆ. ಇದ್ಯಾವ ಭಾಷೆ ಎಂದು ಅರ್ಧ ದಿನ ತಲೆ ಕೆರೆದುಕೊಂಡೆ. ವಚನದ ಕೊನೆಯ ಅಂಕಿತವನ್ನು ಬಾಯಲ್ಲಿ ಹೇಳಿಕೊಂಡಾಗ ಹೊಳೆಯಿತು: ಕೂಡಲಸಂಗಮದೇವ! ಪದ ಹೆಕ್ಕಲು ನಾನು ಬಳಸಿದ್ದು, ಪಠ್ಯದಲ್ಲಿ ನಮೂನೆ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’. ಪೈಥಾನಿನಲ್ಲಿ ಅದಕ್ಕೆ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಗೊತ್ತು. ನಮ್ಮ ಸ್ವರಚಿಹ್ನೆ, ಅನುಸ್ವಾರ, ಹಲಂತಗಳನ್ನು ಯೂನಿಕೋಡ್ ಅಕ್ಷರ ಎನ್ನುವುದಿಲ್ಲ, ಗುರುತು ಎನ್ನುತ್ತದೆ. ಹಾಗಾಗಿ ಅಂಕಿತ ‘ಕ’, ‘ಡಲಸ’, ‘ಗಮದ’, ‘ವ’ ಎಂದು ನಾಲ್ಕು ತುಂಡಾಗಿತ್ತು. ಅದನ್ನು ಕಿತ್ತು, ಕನ್ನಡದ ಇಡೀ ಯೂನಿಕೋಡ್ ವಲಯ, 0ಸಿ80ರಿಂದ 0ಸಿಎಫ್ಎಫ್‌ವರೆಗೆ, ಕೊಟ್ಟೆ. ಜೊತೆಗೆ ಅಕ್ಷರಗಳನ್ನು ಕೂಡಿಸಲು, ಬಿಡಿಸಲು ಪದದ ನಡುವೆ ಕೂರುವ, ಕಣ್ಣಿಗೆ ಕಾಣದ ಎರಡು ಗುರುತುಗಳನ್ನೂ (ಝಡ್‌ಡಬ್ಲ್ಯೂಜೆ, ಝಡ್‌ಡಬ್ಲ್ಯೂಎನ್‌ಜೆ).

ಆದರೂ ‘ಲೋಕ’ ಎರಡು ಕಡೆ ಕೂತಿತ್ತು, ಕಣ್ಣಿಗೆ ಎರಡೂ ಒಂದೇ. ಉದ್ದ ಕೇಳಿದರೆ ಒಂದಕ್ಕೆ 3, ಇನ್ನೊಂದಕ್ಕೆ 4. ಹಳೆಯ ಫಾಂಟಿನಿಂದ ಬದಲಿಸಿದ ಫೈಲುಗಳಲ್ಲಿ ‘ಒ’ಕಾರದ ಚಿಹ್ನೆಯೂ ದೀರ್ಘವೂ ಬೇರೆ ಬೇರೆ ಕೂತಿದ್ದವು. ಎಣಿಸುವ ಮೊದಲು, ಇಂಥ ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸುವ ಎನ್ಎಫ್‌ಸಿ ಎಂಬ ರೂಪಕ್ಕೆ ತಂದೆ, ಎರಡೂ ಕೂಡಿದವು.

ಒಂಟಿ ಪದಗಳ ಪಟ್ಟಿ ಈಗಲೂ ದೊಡ್ಡದೇ. ವಿಭಕ್ತಿ ಹತ್ತಿದರೆ ಕನ್ನಡದ ಪದ ಹೊಸ ಪದವೇ ಆಗುತ್ತದಲ್ಲ! ಪ್ರತಿ ಪದದ ಮುಂದೆ ಫೈಲಿನ ಹೆಸರು, ಸಾಲಿನ ನಂಬರ್ ಬರುವಂತೆ ಮಾಡಿ, ಹಾಳೆಯ ಮೇಲೆ ಪ್ರಿಂಟ್ ತೆಗೆದು ಹುಡುಗರ ಕೈಗೆ ಕೊಟ್ಟೆ. ಮೊದಲ ಪುಟದಲ್ಲೇ ಸಿಕ್ಕಿತು: ‘ಕೂಡಲಸಗಮದೇವ’, ಸೊನ್ನೆ ನಾಪತ್ತೆ.