ಗ್ಯಾರಂಟಿ ಕ್ಯಾಪಿಗೆ, ಹಲ್ಲಿಗಲ್ಲ

ಹೋದ ಬೇಸಿಗೆಯಲ್ಲಿ ಸೇಡಂ ಕಡೆಯ ರೈತರೊಬ್ಬರು ಕಲಬುರಗಿಯ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬಂದರು. ಅಂಗಿ ಕಿಸೆಯಿಂದ ಕಾಗದದ ಪುಡಿಕೆ ತೆಗೆದು ಟೇಬಲ್ ಮೇಲಿಟ್ಟರು. ಒಳಗೆ ಹಲ್ಲಿನ ಮೇಲೆ ಕೂರಿಸುವ ಒಂದು ಜಿರ್ಕೋನಿಯಾ (ಗಟ್ಟಿ ಬಿಳಿ ಸೆರಾಮಿಕ್) ಕ್ಯಾಪ್, ಜೊತೆಗೆ ಮಡಚಿ ಮಡಚಿ ಸವೆದ ಗ್ಯಾರಂಟಿ ಕಾರ್ಡು.

"ಸಾಹೇಬ್ರ, ಇದಕ್ಕ 15 ವರ್ಷ ಅಂದಿದ್ರಿ. ಆರಕ್ಕ ಕೈಗೆ ಬಂತಲ್ರೀ."

ಆ ಕ್ಯಾಪ್ ಹಾಕಿದವನು ನಾನೇ. ಬೆಳಕಿಗೆ ಹಿಡಿದು ನೋಡಿದೆ. ಒಂದು ಗೀರೂ ಇಲ್ಲ, ಮೊನ್ನೆ ಲ್ಯಾಬಿನಿಂದ ಬಂದ ಹಾಗಿದೆ. ಬಾಯಿ ತೆರೆಸಿ ನೋಡಿದರೆ ಕೆಳಗಿದ್ದ ದವಡೆ ಹಲ್ಲು ಒಸಡಿನ ಮಟ್ಟಕ್ಕೆ ಕೊಳೆತು ಕಪ್ಪಾಗಿತ್ತು. ಕಾರ್ಡು ತೋರಿಸಿದರೂ ಉಪಯೋಗವಿಲ್ಲ. ಕ್ಯಾಪ್ ಒಡೆದರೆ ಲ್ಯಾಬಿನವರು ಬೇರೆ ಮಾಡಿಕೊಡುತ್ತಾರೆ. ಅದರ ಕೆಳಗೆ ಹುಳುಕು ಹಿಡಿದರೆ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ. ಈ ಮಾತನ್ನು ಅವತ್ತೇ ಹೀಗೆ ಬಿಡಿಸಿ ಹೇಳಿದ್ದೆನಾ? ಇಲ್ಲ.

"ನೋವು ಇರಲಿಲ್ವಾ?" ಎಂದು ಕೇಳಿದೆ. "ನೋವು ಇಲ್ರೀ. ಒಂದ್ ವರ್ಷಾತು, ಅಲ್ಲಿ ರೊಟ್ಟಿ ಸಿಕ್ಕೊಂತಿತ್ತು, ಬಾಯಿ ವಾಸನಿ ಬರ್ತಿತ್ತು ಅಂತ ಮನ್ಯಾಗ ಅಂತಿದ್ರು."

ರೂಟ್ ಕೆನಾಲ್ ಆದ ಹಲ್ಲಿನ ಕಷ್ಟ ಇದೇ. ನರ ತೆಗೆದಿರುತ್ತೇವೆ, ಹಾಗಾಗಿ ಒಳಗೆ ಹುಳುಕು ಎಷ್ಟು ತಿಂದರೂ ಜುಂ ಅನ್ನುವುದಿಲ್ಲ. ಊಟ ಸಿಕ್ಕಿಕೊಳ್ಳುವುದು, ವಾಸನೆ, ಒಸಡಿನಿಂದ ರಕ್ತ, ಕ್ಯಾಪ್ ಸ್ವಲ್ಪ ಅಲ್ಲಾಡಿದ ಹಾಗೆ ಅನ್ನಿಸುವುದು, ಇಷ್ಟೇ ಸುಳಿವು. ನೋವು ಬರಲಿ, ಆಮೇಲೆ ಹೋಗೋಣ ಎಂದು ಕೂತರೆ ಎಷ್ಟೋ ಸಲ ಆ ನೋವು ಬರುವುದೇ ಇಲ್ಲ.

ಅವರು ಹೋದ ಮೇಲೆ ಹಳೆಯ ಎಕ್ಸ್‌ರೇ ಹುಡುಕಿ ತೆಗೆದೆ. ಪಕ್ಕದ ಹಲ್ಲಿನ ಕಡೆ ಕ್ಯಾಪಿನ ಅಂಚಿಗೂ ಹಲ್ಲಿಗೂ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತಿತ್ತು. ಅವತ್ತು ಅವರಿಗೆ ಸಂಜೆ ಬಸ್ಸಿನ ಅವಸರ, ನನಗೆ ಹೊರಗೆ ಕಾಯುತ್ತಿದ್ದವರ ಅವಸರ. ಕ್ಯಾಪ್ ಕೂತಿತು, ಕಚ್ಚಿ ನೋಡಿದರು, ಸಿಮೆಂಟ್ ಹಾಕಿ ಕಳಿಸಿದೆ. ಆ ಸಂದಿನಲ್ಲಿ ಸಿಮೆಂಟ್ ನಿಧಾನವಾಗಿ ಕರಗಿದೆ, ಹುಳುಕು ಒಳಗೆ ನುಗ್ಗಿದೆ. ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ, ಅಂಚಿನಲ್ಲಿರುವ ಹಲ್ಲಿಗೆ ಹಿಡಿಯುತ್ತದೆ.

ಅಂದಿನಿಂದ ಟ್ರಯಲ್ ದಿನ ಯಾರನ್ನೂ ಅವಸರ ಮಾಡುವುದಿಲ್ಲ. ಸಿಮೆಂಟ್ ಹಾಕದೆ ಕ್ಯಾಪ್ ಕೂರಿಸಿ, ಮೊನಚಾದ ಪ್ರೋಬಿನಿಂದ ಸುತ್ತಲೂ ಅಂಚು ಸವರುತ್ತೇನೆ. ಎಲ್ಲಾದರೂ ಮೊನೆ ಸಿಕ್ಕಿಬಿದ್ದರೆ ಕ್ಯಾಪ್ ವಾಪಸ್ ಲ್ಯಾಬಿಗೆ. ಇನ್ನೊಂದು ವಾರ ಅಲೆದಾಟ ಎಂದು ಜನ ಗೊಣಗುತ್ತಾರೆ, ಗೊಣಗಲಿ. ಅಕ್ಕಪಕ್ಕದ ಸಂದಿಗೆ ಫ್ಲಾಸ್ ದಾರ ಹಾಕುತ್ತೇನೆ. ಸ್ವಲ್ಪ ಬಿಗಿಯಾಗಿ, ಟಿಕ್ ಎಂದು ಇಳಿಯಬೇಕು. ಸಲೀಸಾಗಿ ಜಾರಿದರೆ ಅಲ್ಲಿ ದಿನಾ ರೊಟ್ಟಿ ಸಿಕ್ಕಿಕೊಳ್ಳುತ್ತದೆ ಎಂದೇ ಲೆಕ್ಕ. ಇದನ್ನು ಮಾಡಿ ತೋರಿಸಿ ಎಂದು ನೀವೂ ನಿಮ್ಮ ಡಾಕ್ಟರನ್ನು ಕೇಳಬಹುದು, ಸಂಕೋಚ ಬೇಡ.

ಅದಕ್ಕಿಂತ ಮೊದಲೇ ಕೇಳಬೇಕಾದ್ದು ಇನ್ನೊಂದಿದೆ: ಒಸಡಿನ ಮೇಲೆ ಗಟ್ಟಿ ಹಲ್ಲು ಎಷ್ಟು ಉಳಿದಿದೆ? ಸುತ್ತಲೂ ಸುಮಾರು 2 ಮಿಲಿಮೀಟರ್ ಇದ್ದರೆ ಕ್ಯಾಪಿಗೆ ಹಿಡಿತ ಸಿಗುತ್ತದೆ. ಇಲ್ಲದಿದ್ದರೆ ಎಂಥ ದುಬಾರಿ ಕ್ಯಾಪ್ ಹಾಕಿದರೂ ಕಳಚಿ ಬರುತ್ತದೆ, ಇಲ್ಲವೇ ಹಲ್ಲೇ ಮುರಿಯುತ್ತದೆ. ಹಾಗೆಯೇ ರೂಟ್ ಕೆನಾಲ್ ಆದ ಹಲ್ಲಿಗೆಲ್ಲ ಕ್ಯಾಪ್ ಬೇಕು ಅಂತಲೂ ಇಲ್ಲ. ದವಡೆ ಹಲ್ಲಿಗೆ ಹೆಚ್ಚುಕಡಿಮೆ ಬೇಕೇ ಬೇಕು. ಮುಂದಿನ ಹಲ್ಲು ಜಾಸ್ತಿ ಸವೆಯದೆ ಉಳಿದಿದ್ದರೆ ಎಷ್ಟೋ ಸಲ ಫಿಲ್ಲಿಂಗ್ ಸಾಕು. ಕ್ಯಾಪಿಗಾಗಿ ಒಮ್ಮೆ ಕೊರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಅಲ್ವಾ?

ಯಾವ ಕ್ಯಾಪ್ ಒಳ್ಳೇದು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಬಾಯಿಯ ಕೊನೆಯ ದವಡೆ ಹಲ್ಲಿನ ಮೇಲಿರುವುದು ಬರೀ ಮೆಟಲ್ ಕ್ಯಾಪ್. ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಅಲ್ಲಿ ಯಾರಿಗೂ ಕಾಣುವುದಿಲ್ಲ, ಹಲ್ಲು ಕೊರೆಯುವುದು ಕಡಿಮೆ, ಒಡೆಯುವ ಭಯವಿಲ್ಲ, ರೇಟೂ ಕಡಿಮೆ. ಕೃತಕ ಆಭರಣ ಹಾಕಿದರೆ ಮೈ ತುರಿಸುವವರು ಮಾತ್ರ ಮೊದಲೇ ಹೇಳಬೇಕು, ಈ ಮೆಟಲ್ಲಿನಲ್ಲಿ ಹೆಚ್ಚಾಗಿ ನಿಕ್ಕೆಲ್ ಇರುತ್ತದೆ. ಮೆಟಲ್ ಮೇಲೆ ಸೆರಾಮಿಕ್ ಹಚ್ಚಿದ್ದು ಚೆನ್ನಾಗಿ ಕಾಣುತ್ತದೆ, ಆದರೆ ಸೆರಾಮಿಕ್ ಚಕ್ಕೆ ಏಳಬಹುದು, ಕೆಲವು ವರ್ಷಕ್ಕೆ ಒಸಡಿನ ಹತ್ತಿರ ಕಪ್ಪು ಗೆರೆ ಕಾಣಬಹುದು. ಜಿರ್ಕೋನಿಯಾ ಗಟ್ಟಿ, ಬಣ್ಣವೂ ಹೊಂದುತ್ತದೆ. ನಕ್ಕರೆ ಕಾಣುವ ಹಲ್ಲಿಗೆ ಅದೇ ಹಾಕಿಸಿ.

ನನ್ನ ಕ್ಯಾಪಿನ ಕಥೆ ಕೇಳಿದರೆ ನಗು ಬರುತ್ತದೆ. ಕಾಲೇಜಿನ ಗೆಳೆಯನೇ ಹಲ್ಲು ಕೊರೆದು, ಅಳತೆ ತೆಗೆದು, ತಾತ್ಕಾಲಿಕ ಕ್ಯಾಪ್ ಹಾಕಿ, "ಆ ಕಡಿ ಏನೂ ಜಗೀಬ್ಯಾಡಪಾ" ಅಂದಿದ್ದ. ನಾನು ದಿನಾ ಹತ್ತು ಜನಕ್ಕೆ ಹೇಳುವ ಮಾತು. ಅದೇ ವಾರ ಎಳ್ಳಮಾಸಿ. ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ತಿಂದು, ಕೊನೆಗೆ ಶೇಂಗಾ ಹೋಳಿಗೆಗೆ ಕೈ ಹಾಕಿದೆ. ಕ್ಯಾಪ್ ಹೋಳಿಗೆಯ ಜೊತೆಗೇ ಹೋಯಿತು. ನುಂಗಿದೆನೋ ಉಗುಳಿದೆನೋ ಇವತ್ತಿಗೂ ಗೊತ್ತಿಲ್ಲ.

ಕಾಯಂ ಕ್ಯಾಪ್ ಕೂರಿಸಿದ ದಿನ ಇಂಜೆಕ್ಷನ್ನಿಗೆ ಬಾಯಿ ಮರಗಟ್ಟಿತ್ತು. ಹಲ್ಲು ಎಲ್ಲಿ ತಾಗುತ್ತದೆ ಎಂದು ಗುರುತು ಮೂಡಿಸುವ ನೀಲಿ ಕಾಗದ ಕಚ್ಚಿ ಸರಿ ಇದೆ ಅಂದುಬಿಟ್ಟೆ. ಇಂಜೆಕ್ಷನ್ ಇಳಿದ ಮೇಲೆ ನೋಡಿದರೆ ಎಲ್ಲಕ್ಕಿಂತ ಮೊದಲು ಅದೊಂದೇ ಹಲ್ಲು ತಾಗುತ್ತಿದೆ. ಮೂರು ದಿನ ನಾಚಿಕೆಗೆ ಸುಮ್ನಿದ್ದೆ. ನಾಲ್ಕನೇ ದಿನ ದವಡೆ ನೋವು ತಡೆಯದೆ ಹೋದೆ, ಎರಡು ನಿಮಿಷ ಉಜ್ಜಿದ, ಮುಗಿಯಿತು. ಕ್ಯಾಪ್ ಎತ್ತರ ಅನ್ನಿಸಿದರೆ ರೂಢಿ ಆಗುತ್ತೆ ಎಂದು ಕಾಯಬೇಡಿ, ಮರುದಿನವೇ ಹೋಗಿ. ಇನ್ನು ಕ್ಯಾಪ್ ಕಳಚಿ ಬಿದ್ದರೆ ತೊಳೆದು ಡಬ್ಬಿಯಲ್ಲಿ ಹಾಕಿ ತನ್ನಿ. ಫೆವಿಕ್ವಿಕ್ ಹಚ್ಚಿ ಕೂರಿಸಿಕೊಂಡು ಬಂದವರನ್ನು ನೋಡಿದ್ದೇನೆ. ಅದನ್ನು ಬಿಡಿಸುವುದು ಕ್ಯಾಪ್ ಮಾಡುವುದಕ್ಕಿಂತ ದೊಡ್ಡ ಕೆಲಸ.

ಸೇಡಂನವರ ಹಲ್ಲು ಉಳಿಯಲಿಲ್ಲ. ಮುಂದಿನ ವಾರ ಬೇರು ಕಿತ್ತೆ, ಸಂದು ಹೇಗೆ ಉಳಿಯಿತು ಎಂದು ಎಕ್ಸ್‌ರೇ ತೋರಿಸಿಯೇ ಹೇಳಿದೆ. ದುಡ್ಡು ತಗೊಳ್ಳಲಿಲ್ಲ. ಹತ್ತಿ ಕಚ್ಚಿಕೊಂಡೇ ಎದ್ದರು. ಬಂದವರಿಗೆ ಅಂಚು ತೋರಿಸಲು ಬೇಕು ಎಂದು ಆ ಕ್ಯಾಪ್ ಕೇಳಿದೆ, ಕೊಟ್ಟರು. ಕಾರ್ಡು ಮಾತ್ರ ಮಡಚಿ ಮತ್ತೆ ಕಿಸೆಗೆ ಹಾಕಿಕೊಂಡರು.