ರೋಡ್ಸ್ ಹಳೇ ಊರು: ಕಂದಕದಿಂದ ನೋಡಬೇಕು

ಗ್ರೀಸಿನ ರೋಡ್ಸ್ ಹಳೇ ಊರೊಳಗೆ ಕಾಲಿಟ್ಟ ಹತ್ತೇ ನಿಮಿಷಕ್ಕೆ ನನ್ನ ಸೂಟ್‌ಕೇಸಿನ ಒಂದು ಚಕ್ರ ಕಿತ್ತು ಬಂತು. ತಪ್ಪು ನನ್ನದೇ. ಕೋಟೆ ಒಳಗೇ ರೂಮ್ ಮಾಡಿದ್ದೆ, ಟ್ಯಾಕ್ಸಿ ಬಾಗಿಲ ಹತ್ತಿರ ಇಳಿಸಿ ಹೋಯಿತು. ಒಳಗೆ ಗಲ್ಲಿ ತುಂಬಾ ಕಡಲ ದಂಡೆಯ ಉರುಟುಕಲ್ಲು. ಒಂದೊಂದನ್ನೂ ಮೊಟ್ಟೆ ನಿಲ್ಲಿಸಿದ ಹಾಗೆ ನೆಟ್ಟಗೆ ಹೂತಿದ್ದಾರೆ. ಅಲ್ಲಿನವರು ಇದಕ್ಕೆ ಹೊಹ್ಲಾಕಿ ಅಂತಾರೆ. ನೋಡೋಕೆ ಚೆಂದ, ಚಕ್ರಕ್ಕೆ ಶತ್ರು. ನೀವು ಹೋದರೆ ಬೆನ್ನಿಗೆ ಹಾಕುವ ಬ್ಯಾಗನ್ನೇ ಒಯ್ಯಿರಿ.

ಮೊದಲ ದಿನ ಹನ್ನೊಂದು ಗಂಟೆಗೆ ಹೊರಟೆ. ಸಾಕ್ರಟೀಸ್ ಬೀದಿಯಲ್ಲಿ ಜಾತ್ರೆ! ಬಂದರಿನಲ್ಲಿ ಕ್ರೂಸ್ ಹಡಗು ನಿಂತಿತ್ತು. ಫ್ರಿಜ್ ಮ್ಯಾಗ್ನೆಟ್ಟು, ಚಪ್ಪಲಿ, ಐಸ್‌ಕ್ರೀಮು ಬಿಟ್ಟು ಬೇರೇನೂ ಕಾಣಲಿಲ್ಲ. ಸುಮ್ನೆ ವಾಪಸ್ ಬಂದು ಮಲಗಿದೆ.

ಮರುದಿನ ಬೆಳಗ್ಗೆ ಆರೂವರೆಗೆ ನೈಟ್‌ಗಳ ಬೀದಿಗೆ ಹೋದಾಗ ಒಂದು ಬೆಕ್ಕು, ನಾನು, ಇಬ್ಬರೇ. 1309ರಿಂದ 1522ರವರೆಗೆ ಈ ದ್ವೀಪ ಆಳಿದವರು ಸಂತ ಯೋಹಾನನ ಪಂಗಡದ ನೈಟ್‌ಗಳು. ಸನ್ಯಾಸಿಗಳೂ ಹೌದು, ಯೋಧರೂ ಹೌದು. ಯುರೋಪಿನ ಬೇರೆ ಬೇರೆ ಕಡೆಯಿಂದ ಬಂದವರಾದ್ದರಿಂದ ಭಾಷೆಗೊಂದು ಛತ್ರ ಕಟ್ಟಿಕೊಂಡಿದ್ದರು. ಕೋಟೆಗೋಡೆ ಕಾಯುವುದನ್ನೂ ಹಾಗೇ ಭಾಷೆಗಿಷ್ಟು ಅಂತ ಹಂಚಿಕೊಂಡಿದ್ದರು.

ಬೀದಿಯ ಮೇಲ್ತುದಿಯಲ್ಲಿ ಅವರ ಮುಖ್ಯಸ್ಥನ ಅರಮನೆ. ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದಾರೆ ಅಂತ ಮನಸ್ಸಲ್ಲೇ ಹೊಗಳಿದ್ದೂ ಆಯಿತು. ಆಮೇಲೆ ಗೊತ್ತಾಯಿತು: 1856ರಲ್ಲಿ ಸಿಡಿಮದ್ದು ಸ್ಫೋಟಿಸಿ ಹಾಳಾಗಿದ್ದನ್ನು 1930ರ ದಶಕದಲ್ಲಿ ಇಟಲಿಯವರು ಮತ್ತೆ ಕಟ್ಟಿಸಿದ್ದು. 1912ರಿಂದ ದ್ವೀಪ ಅವರ ಕೈಲಿತ್ತು. ಒಳಗಿನ ಮೊಸಾಯಿಕ್ ನೆಲಗಳನ್ನೂ ಕೋಸ್ ದ್ವೀಪದಿಂದ ತಂದು ಹಾಸಿದ್ದಾರೆ. ಸ್ವಲ್ಪ ಮೋಸಹೋದ ಹಾಗಾಯಿತು, ಅಲ್ವಾ? ನನ್ನ ಕೇಳಿದರೆ ಮೊದಲ ಟಿಕೆಟ್ ಊರಿನ ಪುರಾತತ್ವ ಮ್ಯೂಸಿಯಮ್ಮಿಗೇ ತಗೊಳ್ಳಿ. ಅದಿರೋ ಕಟ್ಟಡ ನೈಟ್‌ಗಳ ನಿಜವಾದ ಆಸ್ಪತ್ರೆ, 15ನೇ ಶತಮಾನದ್ದು.

ಟಿಕೆಟ್ಟೇ ಇಲ್ಲದ ಜಾಗ ನನಗೆ ಎಲ್ಲಕ್ಕಿಂತ ಹಿಡಿಸಿತು. ಕೋಟೆಯ ಕಂದಕ. ನೀರಿಲ್ಲದ ಕಂದಕ ಅದು, ಈಗ ಹುಲ್ಲು, ಮರ, ನಡೆಯೋ ದಾರಿ. ಎರಡೂ ಕಡೆ ಗೋಡೆ ಎದ್ದು ನಿಂತಿರುತ್ತದೆ, ಸದ್ದೇ ಇಲ್ಲ. ಅಲ್ಲಲ್ಲಿ ಕಲ್ಲಿನ ಗುಂಡುಗಳು ಬಿದ್ದಿವೆ. ಒಂದರ ಪಕ್ಕ ಕೂತೆ. ನನ್ನ ಮೊಣಕಾಲೆತ್ತರ. ಮೇಲೆ ಕೈಯಾಡಿಸಿದರೆ ಉಳಿಯ ಗೀರು ಇನ್ನೂ ಬೆರಳಿಗೆ ಸಿಗುತ್ತದೆ. ಫಿರಂಗಿಗೆಂದು ಯಾರೋ ಕೂತು ದುಂಡಗೆ ಕೆತ್ತಿದ್ದು. 1522ರಲ್ಲಿ ತುರ್ಕರ ಸುಲ್ತಾನ ಸುಲೈಮಾನ್ ಆರು ತಿಂಗಳು ಮುತ್ತಿಗೆ ಹಾಕಿ ಊರು ಗೆದ್ದ. ನಮ್ಮ ಕೃಷ್ಣದೇವರಾಯ ರಾಯಚೂರು ಗೆದ್ದು ಆಗಿನ್ನೂ ಎರಡು ವರ್ಷ. ಆ ಲೆಕ್ಕ ತಲೆಗೆ ಬಂದ ಮೇಲೆ ಗೋಡೆ ಸ್ವಲ್ಪ ಹತ್ತಿರದ್ದು ಅನಿಸಿತು. ಒಂದು ಗಂಟೆ ಅಂದುಕೊಂಡವನು ಎರಡೂವರೆ ಗಂಟೆ ಅಲ್ಲೇ ಇದ್ದೆ.

ಊರಿನ ಪೂರ್ವಕ್ಕೆ ಯಹೂದಿಗಳ ಕೇರಿ. 1944ರ ಜುಲೈನಲ್ಲಿ ಇಲ್ಲಿಂದ 1,600ಕ್ಕೂ ಹೆಚ್ಚು ಜನರನ್ನು ನಾಜಿಗಳು ಔಷ್ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿದರು. ಬದುಕುಳಿದವರು ಸುಮಾರು ನೂರೈವತ್ತು ಜನ ಮಾತ್ರ. ಅವರ ಹೆಸರಿನ ಚೌಕದಲ್ಲಿ ಒಂದು ಕಪ್ಪು ಕಲ್ಲಿದೆ. ಸುತ್ತ ಹೋಟೆಲ್ ಕುರ್ಚಿಗಳು. ಅಲ್ಲಿ ಕಾಫಿ ಕುಡಿಯಲು ನನಗೆ ಮನಸ್ಸಾಗಲಿಲ್ಲ.

ಊಟದ ವಿಷಯ ಸಸ್ಯಾಹಾರಿಗಳಿಗೆ: ಪಿತಾರೂದಿಯಾ ಕೇಳಿ. ಕಡಲೆಕಾಳು, ಈರುಳ್ಳಿ, ಪುದೀನ ಹಾಕಿ ಕರಿದದ್ದು, ನಮ್ಮ ವಡೆಯ ದೂರದ ನೆಂಟ. 'ನಿಸ್ಟಿಸಿಮೋ' ಅಂದರೆ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಇರಲ್ಲ. ಆದರೆ ಹುಷಾರು, ಆಕ್ಟೋಪಸ್ ಅವರ ಉಪವಾಸಕ್ಕೆ ನಡೆಯುತ್ತದೆ! ನನ್ನ ತಟ್ಟೆಗೆ ಬಂದಾಗಲೇ ಇದು ತಿಳಿದದ್ದು.

ಹೊರಡುವ ದಿನ ಸೂಟ್‌ಕೇಸನ್ನು ಹೆಗಲ ಮೇಲೆ ಹೊತ್ತು ಕೋಟೆಬಾಗಿಲವರೆಗೆ ನಡೆದೆ. ಟ್ಯಾಕ್ಸಿಯವನು ಮುರಿದ ಚಕ್ರ ನೋಡಿದ, ನೆಲದ ಕಲ್ಲಿನ ಕಡೆ ಕೈ ತೋರಿಸಿ ನಕ್ಕ.