ಆಯಿ ಕೈಯಾಗಿನ ಹಿಂಡಿ-ರೊಟ್ಟಿ ಮಾರಾಟಕ್ಕ ತರೋದು ಹೆಂಗ: ಕೊಪ್ಪಳದ ನಮ್ಮ ಮನಿ ಅನುಭವ

ನಮ್ಮ ಮನ್ಯಾಗ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದ್ರ ನಮ್ಮ ಕಡೆ ಚಟ್ನಿ ಪುಡಿ), ಖಡಕ್ ರೊಟ್ಟಿ ಮಾಡೋ ರೀತಿ ಆಯಿಗೆ ಅವರವ್ವ ಕಲಿಸಿದ್ದು. ಈಗ ಅವ್ವ, ವೈನಿ, ನಾನು ಮೂವರೂ ಸೇರಿ ಮಾಡಿ ಮಾರ್ತೀವಿ. ನಾವೂ ಶುರು ಮಾಡ್ಬೇಕು ಎಲ್ಲಿಂದ ಹಿಡೀಬೇಕು ಅಂತ ಭಾಳ ಮಂದಿ ಕೇಳ್ತಾರ, ಎಲ್ಲಾರೂ ಮೊದ್ಲು ಕೇಳೋದು ಲೈಸೆನ್ಸ್, ಲೋನ್, ಮಷೀನ್ ಬಗ್ಗೆನ. ಅದೆಲ್ಲಾ ಆಮೇಲೆ ರೀ. ಮೊದ್ಲು ಮಾಡೋ ಕೆಲಸ ಅಂದ್ರ ಹಿರ್ಯಾರ ಕೈ ಅಳತಿ ಗ್ರಾಂ ಲೆಕ್ಕಕ್ಕ ಇಳಿಸ್ಕೊಳ್ಳೋದು, ಅದೂ ಅವರು ಗಟ್ಟಿ ಇರೋವಾಗನ.

ಆಯಿನ್ನ ಎಷ್ಟು ಉಪ್ಪು ಹಾಕ್ತಿ ಅಂತ ಕೇಳಿದ್ರ "ಹಿಡಿಯಷ್ಟು ಹಾಕು, ನೋಡಿ ಹಾಕು" ಅಂತಿದ್ರು, ಅದರಿಂದ ಏನೂ ತಿಳೀತಿರಲಿಲ್ಲ. ಹಂಗಾಗಿ ನಾವು ಒಂದು ಉಪಾಯ ಮಾಡಿದ್ವಿ. ಖಾರ, ಉಪ್ಪು, ಜೀರಗಿ, ಬಳ್ಳೊಳ್ಳಿ ಒಂದೊಂದು ಬಟ್ಟಲಕ್ಕ ಹಾಕಿ ಮೊದ್ಲ ತೂಕ ಬರ್ಕೊಂಡು ಆಯಿ ಮುಂದ ಇಟ್ವಿ, ಅವರು ಯಾವಾಗಿನಂಗ ಕೈಲೆ ತಗೊಂಡು ಮಾಡಿದ ಮ್ಯಾಲ ಉಳಿದಿದ್ದು ತೂಗಿದ್ವಿ, ಎಷ್ಟು ಕಮ್ಮಿ ಆಗೈತೋ ಅದ ಅವರ ಅಳತಿ. ಹಿಂಗ ಐದು ಸಲ ಮಾಡಿ ಸರಾಸರಿ ತಗೀರಿ, ಯಾಕಂದ್ರ ಒಂದ ಸಲಕ್ಕ ಕೈ ನಿಜ ಹೇಳಂಗಿಲ್ಲ. ನಮಗ ಶೇಂಗಾ ಹಿಂಡಿಗೆ ಸಿಕ್ಕಿದ್ದು ಹುರಿದು ಸಿಪ್ಪಿ ತೆಗೆದ ಶೇಂಗಾ 1 ಕೆಜಿಗೆ ಬ್ಯಾಡಗಿ ಖಾರ 80 ಗ್ರಾಂ, ಬಳ್ಳೊಳ್ಳಿ 60, ಜೀರಗಿ 15, ಉಪ್ಪು 35, ಒಂದು ಸಣ್ಣ ಚೂರು ಬೆಲ್ಲ. ನಿಮ್ಮ ಮನಿದು ಬ್ಯಾರೆ ಇರತೈತಿ, ಬ್ಯಾರೇನ ಇರ್ಲಿ, ನಿಮ್ಮ ಗಿರಾಕಿ ಬರೋದ ಅದಕ್ಕ. ತೂಕದ ಜೊತಿಗೆ ಉರಿ ಎಷ್ಟು, ಎಷ್ಟೊತ್ತು, ಸಪ್ಪಳ ಹೆಂಗ ಅನ್ನೋದೂ ಬರೀರಿ. ಶೇಂಗಾ ಚಟಪಟ ಅಂದು ಸಪ್ಪಳ ಇಳಿದ ಮ್ಯಾಲ ಅಂಗೈಯಾಗ ತಿಕ್ಕಿದ್ರ ಸಿಪ್ಪಿ ಉದುರಬೇಕು ಅಂತ ಆಯಿ ಹೇಳ್ತಿದ್ರು, ಆ ಮಾತೂ ನಮ್ಮ ನೋಟ್‌ಬುಕ್ಕಿನ್ಯಾಗ ಐತಿ. ಮೊಬೈಲ್‌ನ್ಯಾಗ ವಿಡಿಯೋನೂ ಮಾಡ್ಕೊಳ್ರಿ, ಮುಖದ್ದಲ್ಲ, ಕೈದು.

ಸಾಮಾನಿನ ವಿಷಯಕ್ಕ ಬಂದ್ರ ಇಲ್ಲೆ ಉಳಿತಾಯ ಮಾಡಾಕ ಹೋಗಬ್ಯಾಡ್ರಿ. ಶೇಂಗಾದಾಗ ಸೊಟ್ಟಿ, ಕರ್ರಗಾದ, ಬೂಸ್ಟು ಹಿಡಿದ ಕಾಳು ಒಂದೊಂದ ಆರಿಸಿ ತಗೀಬೇಕು, ಆ ಬೂಸ್ಟಿನ್ಯಾಗ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರತೈತಿ, ಅದು ಲಿವರ್‌ಗೆ ಕೆಟ್ಟದ್ದು, ಮತ್ತ ಹುರಿದ್ರೂ ಪೂರ್ತಿ ಹೋಗಂಗಿಲ್ಲ. ಖಾರಕ್ಕ ಬರೇ ಬ್ಯಾಡಗಿ ಹಾಕಿದ್ರ ಬಣ್ಣ ಬರತೈತಿ ಚುರುಕು ಬರಂಗಿಲ್ಲ, ಗುಂಟೂರು ಸ್ವಲ್ಪ ಕೂಡಿಸಿದ್ರ ಚುರುಕು ಬರತೈತಿ, ಆದ್ರ ಪ್ರತಿ ಘಾಣಕ್ಕೂ (ಒಂದ ಸಲಕ್ಕ ಮಾಡೋ ಹಿಂಡಿಗೆ) ಅದ ಪ್ರಮಾಣ ಇರಬೇಕು. ಬಳ್ಳೊಳ್ಳಿ ಹಸೀದ ಹಾಕಿದ್ರ ಅದರಾಗಿನ ನೀರಿಗೆ ಹಿಂಡಿ ಲಗೂ ಕೆಡತೈತಿ, ಮನಿಗೆ ಮಾಡಿದ್ದು ನಾಕ ದಿನದಾಗ ಖಾಲಿ ಆಕೈತಿ ಅದಕ್ಕ ಗೊತ್ತಾಗಂಗಿಲ್ಲ, ಮಾರೋದು ತಿಂಗಳು ಬಾಳಬೇಕು, ಹಂಗಾಗಿ ನಾವು ಸಣ್ಣಗ ಹೆಚ್ಚಿ ಸಣ್ಣ ಉರಿಮ್ಯಾಲ ಗರಿಗರಿ ಆಗೋತನ ಹುರೀತೀವಿ.

ಕುಟ್ಟೋದು ಒಳ್ಳಿನ್ಯಾಗ ಛಲೋ, ದಿನಾ 10 ಕೆಜಿ ಅಂದ್ರ ರಟ್ಟಿ ನಿಲ್ಲಂಗಿಲ್ಲ. ಮಿಕ್ಸಿ ಹಾಕೋದಾದ್ರ ಶೇಂಗಾ ಪೂರ್ತಿ ತಣ್ಣಗಾಗಿರಬೇಕು, ಬಿಟ್ಟು ಬಿಟ್ಟು ತಿರುಗಿಸ್ರಿ, ಒಂದ ಸಮ ತಿರುಗಿಸಿದ್ರ ಬಿಸಿಗೆ ಎಣ್ಣಿ ಬಿಟ್ಟು ಮುದ್ದಿ ಆಕೈತಿ.

ರೊಟ್ಟಿ ಮಾತ್ರ ಬ್ಯಾರೆ ವಿದ್ಯಾನ. ಜ್ವಾಳದಾಗ ಗೋಧಿ ಹಿಟ್ಟಿನಂಗ ಅಂಟು ಇಲ್ಲ, ಕುದಿಯೋ ಎಸರು ಹಾಕಿದಾಗ ಪಿಷ್ಟ ಬೆಂದು ಜಿಗಿ ಬರತೈತಿ, ಆ ಜಿಗಿಮ್ಯಾಲ ರೊಟ್ಟಿ ನಿಂತಿರತೈತಿ. ಹಿಟ್ಟು ಹಳೇದಾದಂಗ ಜಿಗಿ ಹೋಗಿ ಅಂಚು ಸೀಳ್ತಾವ, ಅದಕ್ಕ ವಾರಕ್ಕ ಬೇಕಾದಷ್ಟ ಗಿರಣಿಗೆ ಹಾಕಸ್ರಿ, ಜ್ವಾಳ ಹಿಂಗಾರಿದ್ದು ಬಿಳಿ ಜ್ವಾಳ ಇರ್ಲಿ. ಬೇಯಿಸಿದ ರೊಟ್ಟಿ ಒಂದರ ಮ್ಯಾಲೊಂದು ಪೇರಿಸಬ್ಯಾಡ್ರಿ, ಉಗಿ ಒಳಗ ಕುಂತು ಮೆತ್ತಗಾಕ್ಕಾವ. ಖಡಕ್ ರೊಟ್ಟಿ ಎಷ್ಟು ಬಾಳತಾವ ಅಂತ ನಮ್ಮ ಊರಾವರಿಗೆ ಹೇಳೋದ ಬ್ಯಾಡ, ಗವಿಸಿದ್ದೇಶ್ವರ ಜಾತ್ರಿ ದಾಸೋಹಕ್ಕ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ತುಂಬ ಬರೋ ರೊಟ್ಟಿ ನೋಡಿರ್ತೀರಿ. ಅಷ್ಟು ಮನ್ಯಾಗ ಆ ವಿದ್ಯಾ ಐತಿ ಅಂದ್ಮ್ಯಾಲ ಮಷೀನ್‌ಗೆ ಅವಸರ ಯಾಕ? ಓಣ್ಯಾಗಿನ ಬಡಿಯಾಕ ಬರೋ ಹೆಣ್ಮಕ್ಕಳಿಗೆ ನೂರು ರೊಟ್ಟಿಗೆ ಇಷ್ಟು ಅಂತ ಕೂಲಿ ಕೊಟ್ಟು ಕರೀರಿ, ಆವತ್ತಿಂದು ಆವತ್ತ ಕೊಡ್ರಿ.

ರಂಜಕ, ಅಂದ್ರ ಕೆಂಪು ಹಸಿ ಮೆಣಸಿನಕಾಯಿ ಚಟ್ನಿ, ಮೊದಲನೇ ವರ್ಷ ಮಾರಬ್ಯಾಡ್ರಿ. ಹಸಿ ಪದಾರ್ಥ ಅದು, ಬಾಟಲಿ, ಉಪ್ಪು, ಹುಳಿ ಎಲ್ಲಾ ಲೆಕ್ಕ ತಪ್ಪಿದ್ರ ಕೆಡತೈತಿ. ಅಗಸಿ ಹಿಂಡಿಗೂ ಲಗೂ ಎಣ್ಣಿ ವಾಸನಿ ಬರತೈತಿ, ಸ್ವಲ್ಪ ಸ್ವಲ್ಪ ಮಾಡ್ರಿ.

ನಾವು ತಿಂದ ಪೆಟ್ಟು ಹೇಳ್ತೀನಿ. ಶುರುವಿನ್ಯಾಗ ಒಂದು ದೊಡ್ಡ ಆರ್ಡರ್ ಬಂತು, ಸಂಜಿ ಬಸ್ಸಿಗೆ ಕಳಸಬೇಕು ಅಂತ ಅವಸರ ಮಾಡಿ ಹಿಂಡಿ ಇನ್ನೂ ಬೆಚ್ಚಗ ಇದ್ದಾಗನ ಪ್ಯಾಕ್ ಮಾಡಿಬಿಟ್ವಿ, ಒಳಗ ಬೆವರಿ ಎರಡು ವಾರದಾಗ ಮುಗ್ಗಲು ವಾಸನಿ ಬಂದು 40 ಪಾಕೀಟು ವಾಪಸ್ ಬಂದ್ವು. ಎಲ್ಲಾರ ರೊಕ್ಕ ತಿರುಗಿ ಕೊಟ್ವಿ, ಅವ್ವ ಎರಡು ದಿನ ಸರಿ ಊಟ ಮಾಡಲಿಲ್ಲ. ಅವತ್ತಿನಿಂದ ರಾತ್ರಿ ಮಾಡಿದ್ದು ಮುಂಜಾನೇನ ಪ್ಯಾಕ್, ಎಷ್ಟ ಅವಸರ ಇರ್ಲಿ.

ಈಗ ಕಾಗದ ಪತ್ರ. ಸಣ್ಣ ಉದ್ಯೋಗಕ್ಕ ಆಹಾರ ಸುರಕ್ಷತಾ ಪ್ರಾಧಿಕಾರದ್ದು, ಅಂದ್ರ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಸಾಕು, ಫಾಸ್ಕಾಸ್ ಅನ್ನೋ ಅವರ ವೆಬ್‌ಸೈಟ್‌ನ್ಯಾಗ ನೀವ ಮಾಡ್ಕೋಬಹುದು, ನಾವು ಮಾಡಿಸಿದಾಗ ವರ್ಷಕ್ಕ 100 ರೂಪಾಯಿ ಇತ್ತು, ಏಜೆಂಟರಿಗೆ ಸಾವಿರಗಟ್ಟಲೆ ಕೊಡಬ್ಯಾಡ್ರಿ. 14 ಅಂಕಿ ನಂಬರ್ ಬರತೈತಿ, ಅದು ಲೇಬಲ್ ಮ್ಯಾಲ ಇರಬೇಕು. ಜೊತಿಗೆ ಏನೇನು ಹಾಕೀರಿ ಅನ್ನೋದು ಜಾಸ್ತಿ ಇದ್ದದ್ದು ಮೊದ್ಲು ಬರೋಹಂಗ, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನದೊಳಗ ತಿನ್ಬೇಕು, ಹಸಿರು ಚುಕ್ಕಿ, ವಿಳಾಸ, ಫೋನ್ ನಂಬರ್. ಶೇಂಗಾ ಐತಿ ಅಂತ ಬ್ಯಾರೇನ ಎದ್ದು ಕಾಣೋಹಂಗ ಬರೀರಿ, ಅದು ಒಗ್ಗದವರಿಗೆ ಜೀವಕ್ಕ ಬರತೈತಿ. ಲೋನ್ ಬೇಕಾದ್ರ 2020ರಾಗ ಸಣ್ಣ ಆಹಾರ ತಯಾರಿಕೆ ಉದ್ಯೋಗಕ್ಕಂತ ಶುರುವಾದ ಪಿಎಂಎಫ್‌ಎಂಇ ಯೋಜನೆ ಬಂದಿತ್ತು, ಕೇಂದ್ರದ ಸಬ್ಸಿಡಿ ಶೇಕಡಾ 35, ಮೇಲ್ಮಿತಿ 10 ಲಕ್ಷ ಇತ್ತು, ನಮ್ಮ ರಾಜ್ಯದಾಗ ಅದರ ಮ್ಯಾಲ ಶೇಕಡಾ 15 ಕೂಡಿಸಿದ್ರು. ಈಗ ಅರ್ಜಿ ತಗೊಳ್ಳಾಕ ಹತ್ಯಾರೇನು ಅಂತ ಕೃಷಿ ಇಲಾಖೆ ಆಫೀಸಿನ್ಯಾಗ ಕೇಳ್ರಿ. ಲೋನ್ ಮಾತ್ರ ಆರು ತಿಂಗಳು ಮನಿ ಒಲಿಮ್ಯಾಲ ಮಾಡಿ ಮಾರಿ ನೋಡಿದ ಮ್ಯಾಲ ಕೇಳ್ರಿ.

ರೇಟು ಹಾಕೋವಾಗ ಎಲ್ಲಾರೂ ತಪ್ಪೋದು ಎರಡ ಕಡೆ. ಹುರಿದು ಸಿಪ್ಪಿ, ಸೊಟ್ಟಿ ತೆಗೆದ ಮ್ಯಾಲ 1 ಕೆಜಿ ಶೇಂಗಾ 1 ಕೆಜಿ ಉಳಿಯಂಗಿಲ್ಲ, ನಮಗ 850 ರಿಂದ 900 ಗ್ರಾಂ ಸಿಗತೈತಿ, ಲೆಕ್ಕ ಅದರ ಮ್ಯಾಲ ಹಿಡೀರಿ. ಇನ್ನೊಂದು ಮನ್ಯಾವರ ಕೂಲಿ. ನಾವು ಒಂದು ವರ್ಷ ವೈನಿ ದುಡಿಮಿ ಲೆಕ್ಕಕ್ಕ ಹಿಡೀಲೇ ಇಲ್ಲ, ಲಾಭ ಬಂತು ಅನ್ಕೊಂಡಿದ್ವಿ, ಅದು ಲಾಭ ಅಲ್ಲ ಆಕಿ ಪಗಾರ ಆಗಿತ್ತು. ಈಗ ಮೂವರಿಗೂ ತಿಂಗಳಾ ಪಗಾರ ಅವರವರ ಖಾತೆಗೆ ಹೋಗತೈತಿ, ಉದ್ಯೋಗದ ಖಾತೆ ಬ್ಯಾರೆ. ಹೆಸರು ಯಾರದು, ನಾಳೆ ಅಣ್ತಮ್ಮರು ಬ್ಯಾರೆ ಆದ್ರ ನೋಟ್‌ಬುಕ್ ಯಾರಿಗೆ ಅನ್ನೋದೂ ಮನಸ್ಸು ಛಲೋ ಇದ್ದಾಗನ ಕುಂತು ಬರೆದಿಡ್ರಿ. ಮದಿವಿ ಆಗಿ ಹೋದ ಹೆಣ್ಮಗಳಿಗೂ ಅದರಾಗ ಪಾಲು ಐತಿ ಅಂತ ನಾನಂತೀನಿ, ಆಯಿ ಕಲಿಸಿದ್ದು ಆಕಿಗೂ ಅಲ್ಲೇನು.

ಮಾರೋದಕ್ಕ ಮೊದ್ಲು ಬೆಂಗಳೂರಾಗ ಓದೋ, ದುಡಿಯೋ ನಮ್ಮ ಹುಡುಗರನ್ನ ಹಿಡೀರಿ, ಬಸ್ ಪಾರ್ಸೆಲ್‌ಗೆ ಹೋಗತೈತಿ. ಆನೆಗೊಂದಿ, ಅಂಜನಾದ್ರಿ ಕಡೆ ಬರೋ ಮಂದಿಗೆ 100 ಗ್ರಾಂ ಪಾಕೀಟು ಹೋಗ್ತಾವ, ದೊಡ್ಡವು ಯಾರೂ ಒಯ್ಯಂಗಿಲ್ಲ.

ಕಡೀಗೆ, ಎಷ್ಟು ದಿನ ಬಾಳತೈತಿ ಅಂತ ಲೇಬಲ್ ಮ್ಯಾಲ ಊಹೆಮ್ಯಾಲ ಬರೀಬ್ಯಾಡ್ರಿ. ಪ್ರತಿ ಘಾಣದ್ದು ಮೂರು ಪಾಕೀಟು ತಾರೀಖು ಬರೆದು ಎತ್ತಿಡ್ರಿ, ಫ್ರಿಜ್‌ನ್ಯಾಗ ಅಲ್ಲ, ಅಡಗಿ ಮನಿ ಶೆಲ್ಫಿನ್ಯಾಗ, 30, 45, 60ನೇ ದಿನಕ್ಕ ಒಂದೊಂದು ಒಡೆದು ಮೂಸಿ ತಿಂದು ನೋಡ್ರಿ. ಏಪ್ರಿಲ್-ಮೇ ಬಿಸಲಿಗೊಮ್ಮೆ, ಮಳಿಗಾಲದಾಗೊಮ್ಮೆ ಬ್ಯಾರೆ ಬ್ಯಾರೆ ನೋಡ್ರಿ, ನಮ್ಮ ಶೇಂಗಾ ಹಿಂಡಿ ಚಳಿಗಾಲದಾಗ 60 ದಿನ ಛಲೋ ಇದ್ದದ್ದು ಮೇ ತಿಂಗಳದಾಗ 40ಕ್ಕ ಎಣ್ಣಿ ವಾಸನಿ ಬಂತು, ಅದಕ್ಕ ಈಗ ವರ್ಷಪೂರ್ತಿ 30 ದಿನ ಅಂತನ ಬರೀತೀವಿ.